ಕಿವಿ ಕೇಳದವರ ಪುಟಕ್ಕೆ ಸಂಗೀತ

“ಗುರುಗಳೇ, ಚಿತ್ರ, ದನಿ, ಚಲನೆ ಮೂರನ್ನೂ ಒಂದೇ ವೆಬ್ ಪುಟದಲ್ಲಿ ಕೂಡಿಸುವ ಹೊಸ ಟೂಲ್‌ಗಳು ಬಂದಿವೆ. ತಿಂಗಳ ಕೆಲಸ ಎರಡು ದಿನದಲ್ಲಿ ಮುಗಿಯುತ್ತದೆ. ನಾವು ಕಟ್ಟಿಕೊಟ್ಟ ಹಳೆಯ ಪುಟಗಳನ್ನೆಲ್ಲ ಇದರಲ್ಲಿ ಮತ್ತೆ ಕಟ್ಟಿಬಿಡಲೇ?” ಎಂದು ಶಿಷ್ಯ ಕೇಳಿದ.

“ಹಳೆಯವನ್ನು ಏನು ಮಾಡುತ್ತೀ?” ಎಂದರು ಗುರುಗಳು.

“ತೆಗೆದುಹಾಕುತ್ತೇನೆ. ಹೊಸದು ಬಂದ ಮೇಲೆ ಅವು ಯಾರಿಗೆ ಬೇಕು?”

ಗುರುಗಳಿಗೆ ಸಿಟ್ಟು ಬಂತು. “ಯಾರಿಗೆ ಬೇಕು ಎಂದು ಹೇಳುತ್ತೇನೆ, ಕುಳಿತುಕೋ” ಎಂದು ಈ ಕತೆ ಹೇಳಿದರು.

ಒಬ್ಬ ಡೆವಲಪರ್ ಇದ್ದ. ಕಿವಿ ಕೇಳದ ಮಕ್ಕಳಿಗಾಗಿ ಅವನು ಒಂದು ವೆಬ್ ಪುಟ ಕಟ್ಟಿದ್ದ. ಅದರಲ್ಲಿ ಕೈಸನ್ನೆಯ ಭಾಷೆಯ ಪಾಠಗಳಿದ್ದವು. ಪ್ರತಿ ಪಾಠದಲ್ಲೂ ಎರಡು ಕೈ, ಒಂದು ಮುಖ, ಕೆಳಗೆ ಒಂದು ಪದ, ಅಷ್ಟೇ. ನೋಡಲು ಚೆಂದವಿರಲಿಲ್ಲ. ಆದರೆ ಎಂಥ ಹಳೆಯ ಫೋನಿನಲ್ಲೂ ತೆರೆದುಕೊಳ್ಳುತ್ತಿತ್ತು.

ದೂರದಲ್ಲಿ ಒಬ್ಬ ತಾಯಿ ಇದ್ದಳು. ಅವಳ ಐದು ವರ್ಷದ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ಹತ್ತಿರದಲ್ಲಿ ಅಂಥ ಮಕ್ಕಳ ಶಾಲೆ ಇರಲಿಲ್ಲ. ತಾಯಿ ದಿನಕ್ಕೊಂದು ಪಾಠ ನೋಡಿ ತಾನು ಕಲಿತು, ಮಗಳಿಗೆ ಕಲಿಸುತ್ತಿದ್ದಳು. ನೀರು, ಅನ್ನ, ಬಾ, ಸಾಕು. ಒಂದು ದಿನ ಮಗು ಯಾರೂ ಹೇಳಿಕೊಡದೆ ತಾನಾಗಿಯೇ ‘ಅಮ್ಮ, ಬಾ’ ಎಂದು ಸನ್ನೆ ಮಾಡಿತು. ಅಂದು ಆ ಮನೆಯಲ್ಲಿ ಯಾರೂ ಕೆಲಸಕ್ಕೆ ಹೋಗಲಿಲ್ಲ.

ಆ ಹೊತ್ತಿಗೆ ಹೊಸ ಟೂಲ್ ಬಂತು. ಡೆವಲಪರ್ ಎರಡು ದಿನ ಕುಳಿತು ಪುಟವನ್ನು ಮತ್ತೆ ಕಟ್ಟಿದ. ಕೈಗಳು ಎಲ್ಲ ಬದಿಗೂ ತಿರುಗುವಂತಾದವು. ಬಣ್ಣದ ಚಿಟ್ಟೆಗಳು ಹಾರಿದವು. ಟೂಲಿನ ಜೊತೆ ಸಂಗೀತವೂ ಬಂದಿತ್ತು, ಅದನ್ನೂ ಸೇರಿಸಿದ.

ಶಿಷ್ಯ ನಕ್ಕ.

“ನಗಬೇಡ. ಅವನ ಜೊತೆಯವರು ಹತ್ತು ಮಂದಿ ಆ ಪುಟ ನೋಡಿದರು. ಹತ್ತು ಮಂದಿಯೂ ಸಂಗೀತ ಇಂಪಾಗಿದೆ ಎಂದರು. ಕಿವಿ ಕೇಳದವರಿಗೆ ಇದೇಕೆ ಎಂದು ಒಬ್ಬನ ಬಾಯಲ್ಲೂ ಬರಲಿಲ್ಲ. ನೀನಾಗಿದ್ದರೂ ಹನ್ನೊಂದನೆಯವನಾಗುತ್ತಿದ್ದೆ” ಎಂದು ಗುರುಗಳು ಕತೆ ಮುಂದುವರಿಸಿದರು.

ಡೆವಲಪರ್ ಪುಟವನ್ನು ತನ್ನ ಹೊಸ ಕಂಪ್ಯೂಟರಿನಲ್ಲಿ ತೆರೆದು ನೋಡಿದ. ಚಿಟಿಕೆ ಹೊಡೆಯುವಷ್ಟರಲ್ಲಿ ತೆರೆಯಿತು. ಅಂದೇ ಹಳೆಯದನ್ನು ತೆಗೆದುಹಾಕಿದ.

ತಾಯಿಯ ಫೋನಿನಲ್ಲಿ ಹೊಸ ಪುಟ ತೆರೆಯಲಿಲ್ಲ. ಬಿಳಿಯ ಪರದೆಯ ನಡುವೆ ಒಂದು ಚಕ್ರ ಸುತ್ತುತ್ತಿತ್ತು. ಅವಳು ದಿನವೂ ಅದರ ಮುಂದೆ ಕಾದು ಕುಳಿತಳು. ಪಕ್ಕದಲ್ಲಿ ಮಗುವೂ ಕಾಯಿತು. ಹೇಳಬೇಕಾದದ್ದು ಬೆಳೆಯುತ್ತಿತ್ತು, ಸನ್ನೆಗಳು ಅಲ್ಲಿಗೇ ನಿಂತಿದ್ದವು. ಮಗು ತನ್ನದೇ ಸನ್ನೆಗಳನ್ನು ಹುಟ್ಟಿಸಿಕೊಂಡಿತು. ತಾಯಿಗೆ ಅವು ತಿಳಿಯಲಿಲ್ಲ. ಒಂದು ದಿನ ಮಗು ಹೊಟ್ಟೆ ಮುಟ್ಟಿಕೊಂಡು ಬೆರಳು ಮಡಿಸಿತು. ಹಸಿವೆಂದುಕೊಂಡು ತಾಯಿ ಒತ್ತಾಯ ಮಾಡಿ ಅನ್ನ ತಿನ್ನಿಸಿದಳು. ಮಗು ಹೇಳಿದ್ದು ನೋವು.

ಇತ್ತ ಡೆವಲಪರ್ ದಿನವೂ ದೂರುಗಳ ಪಟ್ಟಿ ನೋಡುತ್ತಿದ್ದ. ಪಟ್ಟಿ ಖಾಲಿ ಇತ್ತು. ಆ ಖಾಲಿ ಪಟ್ಟಿಯ ಫೋಟೊ ತೆಗೆದು ಗೆಳೆಯರಿಗೆಲ್ಲ ಕಳಿಸಿದ.

ಆರು ತಿಂಗಳಾದ ಮೇಲೆ ತಾಯಿ ವಿಳಾಸ ಹುಡುಕಿಕೊಂಡು ಅವನ ಕಚೇರಿಗೇ ಬಂದಳು.

“ನಿಮ್ಮ ಪುಟ ತೆರೆಯುತ್ತಿಲ್ಲ” ಎಂದಳು.

“ಹಾಗೆಂದು ಯಾರೂ ತಿಳಿಸಲಿಲ್ಲವಲ್ಲಮ್ಮ. ದೂರು ಬರೆಯಲು ಜಾಗ ಇಟ್ಟಿದ್ದೇನೆ” ಎಂದ ಡೆವಲಪರ್.

“ಎಲ್ಲಿ ಇಟ್ಟಿದ್ದೀರಿ?”

“ಆ ಪುಟದಲ್ಲೇ, ಕೆಳಗೆ.”

“ಮನೆಗೆ ಬೀಗ ಜಡಿದು, ಕರೆಗಂಟೆಯನ್ನು ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದೀರಿ. ಯಾರೂ ಬಾರಿಸಲಿಲ್ಲವಲ್ಲ ಎಂದು ನನ್ನನ್ನೇ ಕೇಳುತ್ತೀರಿ. ಎಷ್ಟು ಓದಿದ್ದೀರಪ್ಪ ನೀವು?”

“ನಿಮ್ಮ ಫೋನು ತುಂಬ ಹಳೆಯದಿರಬೇಕು. ಹೊಸದು ತೆಗೆದುಕೊಂಡರೆ ಸರಿಹೋಗುತ್ತದೆ.”

“ಹಳೆಯದೇ. ಅದರಲ್ಲೇ ನನ್ನ ಮಗಳು ಮಾತು ಕಲಿಯುತ್ತಿದ್ದಳು. ನಿಮ್ಮ ಹೊಸ ಪುಟದಲ್ಲಿ ಯಾವ ಮಗು ಕಲಿಯಿತು? ಒಂದು ಹೆಸರು ಹೇಳಿ, ಎದ್ದು ಹೋಗುತ್ತೇನೆ.”

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ ಕೇಳಿದ: “ಹಳೆಯ ಪುಟವನ್ನು ಅವನು ಮತ್ತೆ ಹಾಕಿದನೇ?”

“ಆ ದಿನವೇ ಹಾಕಿದ, ಅಷ್ಟರಲ್ಲಿ ಆ ಮಗು ಸನ್ನೆ ಮಾಡಲು ಕೈ ಎತ್ತುವುದನ್ನೇ ಬಿಟ್ಟಿತ್ತು” ಎಂದರು ಗುರುಗಳು.