ಕತ್ತರಿಸಿ ಕೂರಿಸಿದ ಸಿಮ್

ನನ್ನ ಕೈಬರಹ ಚೆನ್ನಾಗಿಲ್ಲ. ಓದಿದ್ದು ಕಡಿಮೆ, ಮಾತು ಜೋಡಿಸಿ ಬರೆದ ಅಭ್ಯಾಸವೂ ಇಲ್ಲ. ಇದೇ ಮೊದಲ ಸಲ ಬರೆಯುತ್ತಿರುವುದರಿಂದ ಮಾತು ಒರಟಾಗಿದ್ದರೆ ಬೇಸರಪಡಬಾರದು.

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಸ್ವಾಮಿ, ಊರು ಬಿಟ್ಟೆ, ಮನೆತನದ ಹೆಸರು ಬಿಟ್ಟೆ, ತಲೆ ಬೋಳಿಸಿಕೊಂಡು ಕಾವಿ ಉಟ್ಟೆ. ಆದರೂ ತಮ್ಮ ಮಾತು ನನ್ನ ಒಳಗೆ ಇಳಿಯುತ್ತಿಲ್ಲ. ಇನ್ನೇನನ್ನು ಬದಲಾಯಿಸಲಿ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅಡಿಗೆಯವನಿದ್ದ. ಮದುವೆ, ಗೃಹಪ್ರವೇಶಗಳಿಗೆ ಸುತ್ತಲಿನ ಊರಿನವರೆಲ್ಲ ಅವನನ್ನೇ ಕರೆಯುತ್ತಿದ್ದರು. ಎಷ್ಟೋ ಅಡಿಗೆಮನೆಗಳ ಗೋಡೆಯ ಮೇಲೆ ಅವನ ಫೋನ್ ನಂಬರನ್ನು ಇದ್ದಿಲಿನಲ್ಲಿ ಬರೆದಿಟ್ಟಿದ್ದರು. ಅವನ ಅನ್ನ ಹುಟ್ಟುತ್ತಿದ್ದುದು ಆ ನಂಬರಿನಿಂದ. ಆ ವರ್ಷ ದೊಡ್ಡ ವ್ಯಾಪಾರಿಯೊಬ್ಬ, “ಮಗಳ ಲಗ್ನ ಗೊತ್ತಾದ ಕೂಡಲೇ ಫೋನ್ ಮಾಡುತ್ತೇನೆ, ಅಡಿಗೆ ನಿನ್ನದೇ” ಎಂದು ಮಾತು ಕೊಟ್ಟಿದ್ದ.

ಅಷ್ಟರಲ್ಲಿ ಅಡಿಗೆಯವನ ಹಳೆಯ ಫೋನ್ ಸಾರಿನ ಕೊಪ್ಪರಿಗೆಯೊಳಗೆ ಬಿದ್ದು ಕೆಟ್ಟಿತು. ಅವನು ಅಂಗಡಿಗೆ ಹೋಗಿ ಹೊಸದನ್ನು ಕೊಂಡ. ಅಂಗಡಿಯವನು ಹಳೆಯ ಸಿಮ್ಮನ್ನು ತಿರುಗಿಸಿ ನೋಡಿದ.

“ಇದು ಹಿಂದಿನ ಕಾಲದ್ದು ಯಜಮಾನರೇ, ಈ ಫೋನಿಗೆ ಆಗುವುದಿಲ್ಲ. ಇದನ್ನು ಕೊಟ್ಟು ಹೊಸ ಸಿಮ್ ಪಡೆಯಿರಿ. ನಂಬರ್ ಅದೇ ಇರುತ್ತದೆ.”

ಅಡಿಗೆಯವನು ಸಿಮ್ಮನ್ನು ಹಿಂದಕ್ಕೆ ಕಸಿದುಕೊಂಡ. ತನ್ನ ನಂಬರ್ ಇರುವುದು ಆ ಚೂರಿನಲ್ಲೇ ಎಂದು ಅವನು ನಂಬಿದ್ದ. “ಕೈಯಲ್ಲಿರುವುದನ್ನು ಕೊಟ್ಟ ಮೇಲೆ ನಂಬರೇ ಹೋಯಿತು ಅಂದರೆ ಯಾರನ್ನು ಕೇಳಲಿ? ಇದನ್ನೇ ಕತ್ತರಿಸಿ ಕೂರಿಸಪ್ಪ.”

“ಕೂತರೆ ಸಾಲದು, ಒಳಗಿನ ಚಿಪ್ಪೇ ಹಳೆಯದು. ಟವರ್ ಹಿಡಿಯಬೇಕಲ್ಲ!”

“ಗಾಡಿಗಟ್ಟಲೆ ಕುಂಬಳಕಾಯಿ ಹೆಚ್ಚಿದವನು ನಾನು. ಕತ್ತರಿ ಇಲ್ಲಿ ಕೊಡು.”

ಸುತ್ತಲಿನ ಪ್ಲಾಸ್ಟಿಕ್ಕನ್ನು ಅವನೇ ಹದವಾಗಿ ಕತ್ತರಿಸಿದ. ಸಿಮ್ ತನ್ನ ಜಾಗದಲ್ಲಿ ಕೂತಿತು. ಫೋನಿನಲ್ಲಿ ಬೆಳಕು ಬಂತು, ಗಂಟೆ ತೋರಿತು, ಅಂಗಡಿಯವನು ತುಂಬಿಕೊಟ್ಟಿದ್ದ ದೇವರನಾಮವನ್ನೂ ಹಾಡಿತು. ಅಡಿಗೆಯವನು ನೆಮ್ಮದಿಯಿಂದ ಮನೆಗೆ ಬಂದ.

ಲಗ್ನದ ಕಾಲ ಬಂತು. ಫೋನ್ ಒಮ್ಮೆಯೂ ರಿಂಗಾಗಲಿಲ್ಲ. ಅವನು ಅದನ್ನು ಒರೆಸಿ ಒರೆಸಿ ಇಟ್ಟ. ಒಳ್ಳೆಯ ಕವರ್ ತಂದು ಹಾಕಿದ. ದನಿ ಸಾಲದೇನೋ ಎಂದು ದನಿ ಹೆಚ್ಚಿಸಿದ. ಕೊನೆಗೆ, ಜನರ ಮನಸ್ಸೇ ಕೆಟ್ಟಿದೆ ಎಂದುಕೊಂಡ. ಆದರೂ ತಡೆಯಲಾರದೆ ಒಂದು ದಿನ ವ್ಯಾಪಾರಿಯ ಮನೆಯತ್ತ ನಡೆದ. ಅಲ್ಲಿ ಚಪ್ಪರ ಎದ್ದಿತ್ತು. ಹಿತ್ತಿಲಲ್ಲಿ ಬೇರೊಬ್ಬ ಅಡಿಗೆಯವನ ಕೊಪ್ಪರಿಗೆಗಳನ್ನು ಇಳಿಸುತ್ತಿದ್ದರು.

ವ್ಯಾಪಾರಿ ಅವನನ್ನೂ ಅವನ ಜೇಬಿನಲ್ಲಿದ್ದ ಹೊಸ ಫೋನನ್ನೂ ಕಂಡು, “ಏನಯ್ಯಾ, ಹೊಸ ಫೋನ್ ಬಂದ ಮೇಲೆ ನಮ್ಮಂಥವರು ಕಣ್ಣಿಗೆ ಕಾಣುವುದಿಲ್ಲವೋ? ಮಾಡಿ ಮಾಡಿ ಸಾಕಾಯಿತು, ಒಂದು ಸಲವೂ ನೀನು ಸಿಗಲಿಲ್ಲ!” ಎಂದ.

ಅಡಿಗೆಯವನು ಫೋನ್ ತೆಗೆದು, ಸಿಮ್ ಇರುವ ಜಾಗವನ್ನು ಬಿಚ್ಚಿ ತೋರಿಸಿದ.

“ನೋಡಿ ಸ್ವಾಮಿ, ನೀವೇ ನೋಡಿ. ಎಷ್ಟು ಸರಿಯಾಗಿ ಕೂತಿದೆ!”

ಗುರುಗಳು ಕತೆ ನಿಲ್ಲಿಸಿ, ಶಿಷ್ಯನನ್ನು ಬೋಳುತಲೆಯಿಂದ ಕಾವಿಯ ಅಂಚಿನವರೆಗೆ ನೋಡಿದರು.

“ನಿನಗೂ ಕಾವಿ ಸರಿಯಾಗಿ ಕೂತಿದೆ, ಮಗು.”



ಬರೆದುದರಲ್ಲಿ ತಪ್ಪುಗಳಿದ್ದರೆ ಓದಿದವರು ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.