ಕೇಪಳದ ಹೂವು ಹೊತ್ತು ಹೋದ ಹಡಗು

ಹೊಳೆ ಕಡಲಿಗೆ ಸೇರುವ ಅಳಿವೆಯ ದಂಡೆಯಲ್ಲಿ ಮಾಳವ್ವ ತಾಯಿಯ ಆಶ್ರಮವಿತ್ತು. ಆ ದಂಡೆಯ ನಾವಿಕರು ಅವರ ಕೈಯಿಂದ ಹೂವು ಪಡೆಯದೆ ಹಾಯಿ ಬಿಚ್ಚುತ್ತಿರಲಿಲ್ಲ.

ಆ ವರ್ಷ ದುಗ್ಗಣ್ಣ ಸಾಹುಕಾರ ಹೊಸ ಹಡಗು ಕಟ್ಟಿಸಿದ. ಅಷ್ಟು ಎತ್ತರದ ಹಾಯಿಕಂಬವನ್ನು ಆ ಹೊಳೆ ಹಿಂದೆಂದೂ ಕಂಡಿರಲಿಲ್ಲ. ಮಳೆಗಾಲದ ನಂತರ ಹಡಗುಗಳು ಹೊರಡುವುದು ನೂಲಹುಣ್ಣಿಮೆಯ ಕಡಲಪೂಜೆ ಆದ ಮೇಲೆ, ಅದು ಇನ್ನೂ ದೂರವಿತ್ತು. ಆದರೆ ಉಳಿದವರ ಹಡಗುಗಳು ಹೊರಡುವ ಮೊದಲೇ ತನ್ನ ಮೆಣಸು ಅರಬರ ಬಂದರು ಮುಟ್ಟಬೇಕೆಂಬುದು ಅವನ ಹಟ.

ನಾವಿಕರು ಒಪ್ಪಲಿಲ್ಲ. "ಅಮ್ಮ ಹೂವು ಕೊಟ್ಟರೆ ಹತ್ತುತ್ತೇವೆ" ಎಂದರು.

ಸಾಹುಕಾರ ಆಶ್ರಮಕ್ಕೆ ಬಂದು ಕೈಮುಗಿದ. "ಒಂದು ಹೂವು ಕೊಡಿ, ತಾಯೀ."

"ಮಳೆಗಾಲದ ಕಡಲು ಇನ್ನೂ ತಣಿದಿಲ್ಲ" ಎಂದರು ಮಾಳವ್ವ. "ನೀನೂ ಹತ್ತುತ್ತೀಯಾ?"

"ನನಗೆ ಇಲ್ಲಿ ಕೆಲಸವಿದೆ."

"ಹಾಗಾದರೆ ಹೂವೂ ಇಲ್ಲೇ ಇರಲಿ."

ಸಾಹುಕಾರನ ಮುಖ ಬಿಗಿಯಿತು. "ನಿಮ್ಮ ಅಕ್ಕಿ ನನ್ನ ಉಗ್ರಾಣದಿಂದ ಬರುತ್ತದೆ. ಮರೆತಿರೇನೋ."

ಮಾಳವ್ವ ಅಡುಗೆಮನೆಗೆ ಕೇಳುವಂತೆ ಕೂಗಿ ಹೇಳಿದರು. "ನಾಳೆಯಿಂದ ಗೆಣಸು ಬೇಯಿಸಿ."

ಶಿಷ್ಯ ನಾರ್ಣ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಆಶ್ರಮದ ಗಂಜಿಯನ್ನೇ ನಂಬಿದ ಮುದುಕಿಯರು, ತಬ್ಬಲಿಗಳು ಅವನ ಕಣ್ಣ ಮುಂದೆ ಬಂದರು.

"ಅಮ್ಮಾ, ಒಂದು ಹೂವು. ಕೊಟ್ಟರೆ ನಮ್ಮದೇನು ಹೋಗುತ್ತದೆ?"

"ನಮ್ಮದೇನೂ ಹೋಗುವುದಿಲ್ಲ. ಅದಕ್ಕೇ ಕೊಡಬಾರದು."

ನಾರ್ಣನಿಗೆ ಆ ಮಾತು ಹಿಡಿಸಲಿಲ್ಲ. ಮರುದಿನ ಬೆಳಿಗ್ಗೆ ಆಶ್ರಮದ ಗುಡಿಯಿಂದ ಕೇಪಳದ ಹೂವಿನ ಗೊಂಚಲೊಂದನ್ನು ಎತ್ತಿಕೊಂಡು ಹಡಗಿನ ಬಳಿ ಹೋದ. ಹಡಗನ್ನು ನಡೆಸುವವನು ಬೀರ ತಾಂಡೇಲ.

"ಅಮ್ಮ ಕಳಿಸಿದ್ದಾ?" ಎಂದು ಬೀರ ಕೇಳಿದ.

"ಹೌದು" ಎಂದ ನಾರ್ಣ.

ಬೀರ ಹೂವನ್ನು ಕಣ್ಣಿಗೊತ್ತಿಕೊಂಡ. ಹಡಗು ಹೊರಟಿತು.

ಮಧ್ಯಾಹ್ನದ ಹೊತ್ತಿಗೆ ಪಡುವಣ ಕಪ್ಪಾಯಿತು. ಗಾಳಿ ತಿರುಗಿ ಬಡಿಯಿತು. ಹಿಂದಕ್ಕೆ ಬರಲು ಹೆಣಗಿದ ಹಡಗು ಅಳಿವೆಯ ಬಾಯಲ್ಲಿ ಮರಳದಿಬ್ಬಕ್ಕೆ ಸಿಕ್ಕಿಬಿತ್ತು. ಒಂದೊಂದು ತೆರೆಗೂ ಅದರ ಹಲಗೆಗಳು ಕಳಚಿ ತೇಲತೊಡಗಿದವು.

ನಾರ್ಣ ಓಡಿ ಬಂದು ಗುರುವಿನ ಕಾಲ ಬಳಿ ಕುಸಿದ. "ಅಮ್ಮಾ, ಹೂವು ಕೊಟ್ಟದ್ದು ನಾನು. ನಿಮ್ಮ ಹೆಸರು ಹೇಳಿದೆ."

ಮಾಳವ್ವ ಬೈಯಲಿಲ್ಲ. ಸೆರಗು ಸೊಂಟಕ್ಕೆ ಬಿಗಿದು ಹೊಳೆ ದಾಟಿಸುವ ಕಡವಿನ ದೋಣಿಯ ಕಡೆ ನಡೆದರು.

"ನೀವು ಬೇಡ ಅಮ್ಮಾ! ನಾನು ಹೋಗುತ್ತೇನೆ."

"ನನ್ನ ಹೆಸರು ಆಗಲೇ ಅಲ್ಲಿ ಮುಳುಗುತ್ತಿದೆ. ನಾನು ಇಲ್ಲಿ ಕೂತು ಏನು ಮಾಡಲಿ? ಹುಟ್ಟು ಹಿಡಿ."

ತೆರೆಗಳು ದೋಣಿಯನ್ನು ಎತ್ತಿ ಎತ್ತಿ ಒಗೆದವು. ನಾರ್ಣ ಹುಟ್ಟು ನಿಲ್ಲಿಸಿದ. "ಅಮ್ಮಾ, ಕಡಲು ಹೇಗೆ ಅಬ್ಬರಿಸುತ್ತಿದೆ ಕೇಳಿ!"

"ನಿನಗೂ ಗಂಟಲಿದೆಯಲ್ಲ, ನೀನೂ ಅಬ್ಬರಿಸು. ಹುಟ್ಟು ಮಾತ್ರ ನಿಲ್ಲಬಾರದು."

ಅವನು ಅಬ್ಬರಿಸಿದ. ಬಾಯಿಗೆ ಉಪ್ಪುನೀರು ನುಗ್ಗಿತು, ಉಗಿದು ಮತ್ತೆ ಅಬ್ಬರಿಸಿದ. ದೋಣಿ ಹಡಗಿನ ಮಗ್ಗುಲಿಗೆ ಬಂತು.

ಬೀರ ಮೇಲಿನಿಂದ ಹಗ್ಗ ಎಸೆದ. ನಾವಿಕರು ಒಬ್ಬೊಬ್ಬರಾಗಿ ಜಾರಿ ಇಳಿದರು. ಬೀರ ಕೊನೆಯವನಾಗಿ ನಿಂತಿದ್ದ. ಅವನು ಹಗ್ಗಕ್ಕೆ ಕೈಹಾಕುವಷ್ಟರಲ್ಲಿ ಹಾಯಿಕಂಬ ಮುರಿದು ಅವನ ಮೇಲೆಯೇ ಬಿತ್ತು. ನಾರ್ಣ ನೀರಿಗೆ ಹಾರಿದ, ಮುಳುಗಿ ಹುಡುಕಿದ. ಬೀರ ಸಿಗಲಿಲ್ಲ.

ಗಾಳಿ ಇಳಿದ ಮೇಲೆ ಊರೆಲ್ಲ ದಂಡೆಯಲ್ಲಿ ಸೇರಿತು. ಬೀರನ ಹೆಂಡತಿ ಮಾದೇವಿ ಕಡಲನ್ನೇ ನೋಡುತ್ತ ನಿಂತಿದ್ದಳು. ಸಾಹುಕಾರನೂ ಬಂದ.

"ಎಲ್ಲ ವಿಧಿ" ಎಂದ. "ಕಡಲಮ್ಮ ಕೇಳಿದಳು, ಕರೆದುಕೊಂಡಳು. ಯಾರು ಏನು ಮಾಡಲಾದೀತು?" ಆಮೇಲೆ ನಾರ್ಣನ ಕಿವಿಯ ಬಳಿ ಬಗ್ಗಿದ. "ನೀನೂ ಹಾಗೇ ಹೇಳು. ನಿನ್ನ ಜೀವ ಉಳಿಯುತ್ತದೆ, ನಿನ್ನ ಅಮ್ಮನ ಮಾನವೂ ಉಳಿಯುತ್ತದೆ."

ಮಾದೇವಿ ತಿರುಗಿದಳು. "ಆ ಹೂವು ಅಮ್ಮ ಕಳಿಸಿದ್ದೇನು?"

ನಾರ್ಣ ಗುರುವಿನ ಕಡೆ ನೋಡಿದ. ಮಾಳವ್ವ ನಾವಿಕನೊಬ್ಬನ ಗಾಯ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

"ಅಲ್ಲ" ಎಂದ ನಾರ್ಣ. ಅವನ ದನಿ ಒಡೆದಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ಅಮ್ಮ ಕೊಡುವುದಿಲ್ಲ ಎಂದಿದ್ದರು. ನಾನೇ ಕದ್ದು ತಂದೆ. ಅಕ್ಕಿ ನಿಲ್ಲಿಸುತ್ತೇನೆಂದು ಈ ಸಾಹುಕಾರ ಹೆದರಿಸಿದ, ನಾನು ಹೆದರಿದೆ. ಇದು ವಿಧಿಯಲ್ಲ. ಕಡಲಮ್ಮ ಯಾರನ್ನೂ ಕೇಳಿರಲಿಲ್ಲ. ಕಳಿಸಿದವರು ನಾವಿಬ್ಬರು."

ಮಾದೇವಿ ಅವನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಅವನು ಕದಲಲಿಲ್ಲ. ಅವಳ ಕೈ ಸೋತು ಕೆಳಗಿಳಿಯುವವರೆಗೂ ಅಲ್ಲೇ ನಿಂತಿದ್ದ.

"ಸುಳ್ಳುಗಾರನ ಮಾತು ಕೇಳಬೇಡಿ!" ಸಾಹುಕಾರ ಕೂಗಿದ. "ನನ್ನ ಇನ್ನೊಂದು ಹಡಗು ಹೊಳೆಯೊಳಗೆ ತಯಾರಾಗಿ ನಿಂತಿದೆ. ನಾಳೆ ಹೊರಡಬೇಕು. ಬನ್ನಿ, ಯಾರು ಬರುತ್ತೀರಿ?"

ಮೈ ಇನ್ನೂ ಒದ್ದೆಯಾಗಿದ್ದ ನಾವಿಕರು ಮಾದೇವಿಯನ್ನು ನಡುವೆ ಮಾಡಿಕೊಂಡು ಊರ ಕಡೆ ನಡೆದರು. ಸಾಹುಕಾರನ ಪಕ್ಕದಲ್ಲೇ ಹಾದುಹೋದರೂ ಒಬ್ಬನೂ ಅವನತ್ತ ಕಣ್ಣೆತ್ತಲಿಲ್ಲ.

ಮೂರು ದಿನ ಕಳೆದ ಮೇಲೆ ನಾರ್ಣ ಬಟ್ಟೆಯ ಗಂಟು ಹೊತ್ತು ಗುರುವಿನ ಮುಂದೆ ನಿಂತ.

"ಅಪ್ಪಣೆ ಕೊಡಿ ಅಮ್ಮಾ, ಹೋಗುತ್ತೇನೆ."

"ಎಲ್ಲಿಗೆ?"

"ಯಾರಿಗೂ ನನ್ನ ಗುರುತಿಲ್ಲದ ಕಡೆ. ಇಲ್ಲಿ ಇನ್ನು ನನ್ನ ಮಾತನ್ನು ಯಾರು ನಂಬುತ್ತಾರೆ?"

ಮಾಳವ್ವ ಕಿಟಕಿಯಾಚೆ ಹೊಳೆಯತ್ತ ಕೈ ತೋರಿಸಿದರು.

"ಹಾಗಾದರೆ ಸಾಹುಕಾರನ ಆ ಹಡಗು ಯಾಕಪ್ಪಾ ಇನ್ನೂ ಅಲ್ಲೇ ನಿಂತಿದೆ?"