ಹುಲಿಗೆವ್ವನ ಅರ್ಜಿ

ಇಂಗ್ಲಿಷರು ಆಳುತ್ತಿದ್ದ ಕಾಲ. ತುಂಗಭದ್ರೆಯ ದಂಡೆಯಲ್ಲಿ ಪಂಪಯ್ಯ ಗುರುಗಳ ಮಠ. ಗುರುಗಳಿಗೆ ಇಂಗ್ಲಿಷ್ ಬರುತ್ತಿತ್ತು. ಹಾಗಾಗಿ ಕಚೇರಿಗೆ ಅರ್ಜಿ ಕೊಡಬೇಕಾದವರೆಲ್ಲ ಮಠಕ್ಕೇ ಬರುತ್ತಿದ್ದರು.

ಮಠದಲ್ಲೊಂದು ನೇಮವಿತ್ತು. ಬರೆದ ಅರ್ಜಿಯನ್ನು ಅದರ ಒಡೆಯರ ಎದುರು ಕನ್ನಡದಲ್ಲಿ ಓದಿ ಹೇಳಬೇಕು. ಅವರು ಹೂಂ ಅಂದ ಮೇಲೆಯೇ ಹೆಬ್ಬೆಟ್ಟು.

ಶಿಷ್ಯ ಕೊಟ್ರಯ್ಯನಿಗೆ ಅಂದು ಮೊದಲ ಅರ್ಜಿ. ಹರಗೋಲು ನಡೆಸುವ ಹುಲಿಗೆವ್ವನದು. ಗಂಡ ತೀರಿಕೊಂಡಿದ್ದ. ಹೊಳೆ ದಾಟಿಸುವ ಹಕ್ಕು ಅವಳ ಹೆಸರಿಗೆ ಆಗಬೇಕಿತ್ತು. ಸಂಜೆಯೊಳಗೆ ಕಚೇರಿಗೆ ಅರ್ಜಿ ಮುಟ್ಟದಿದ್ದರೆ ಆ ಹಕ್ಕು ಬೇರೆಯವರ ಪಾಲು.

ಕೊಟ್ರಯ್ಯ ‘ಬಿಸೀಚ್’ ಎಂಬ ಘನವಾದ ಇಂಗ್ಲಿಷ್ ಕ್ರಿಯಾಪದವನ್ನು ಅರ್ಜಿಯ ಐದು ಕಡೆ ಕೂರಿಸಿದ್ದ. ಭೂತಕಾಲದಲ್ಲಿ ಅದು ‘ಬಿಸಾಟ್’ ಆಗುತ್ತದೆಂದು ಬಲ್ಲವರು ಆ ಸೀಮೆಯಲ್ಲೇ ಕಡಿಮೆ.

ಗುರುಗಳು ಕಾಗದ ನೋಡಿದರು. “ಒಂದೂ ತಪ್ಪಿಲ್ಲ.”

ಶಿಷ್ಯನ ಎದೆ ಉಬ್ಬಿತು. ಹುಲಿಗೆವ್ವನ ಎದುರು ಕೂತು, ‘ಬಿಸೀಚ್’ ಬಂದಲ್ಲೆಲ್ಲ ‘ಅಂಗಲಾಚು’ ಎಂದು ಕನ್ನಡಕ್ಕೆ ತಿರುಗಿಸಿ ಓದಿದ.

“ದೊರೆಗಳಲ್ಲಿ ಅಂಗಲಾಚಿ ಬೇಡಿಕೊಳ್ಳುತ್ತೇನೆ. ಹಿಂದೆಯೂ ಅಂಗಲಾಚಿದ್ದೆ...”

ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡಿದ್ದ ಹುಲಿಗೆವ್ವ ಕೈ ಹಿಂದಕ್ಕೆಳೆದಳು.

“ಯಾರೋ ತಮ್ಮಾ ಅಂಗಲಾಚಿದೋರು?”

“ನೀವೇ, ಅವ್ವಾ.”

“ನಾನಾ? ಯಾವಾಗ?”

“ಅರ್ಜಿಯಲ್ಲಿ ಹಾಗೆ ಬರೆಯೋದು ಪದ್ಧತಿ.”

“ಹೊಳಿ ಬಂದಾಗ ಅದೇ ಕಚೇರಿ ಮಂದೀನ ಹರಗೋಲಿನಾಗ ಹಾಕ್ಕೊಂಡು ದಡ ಸೇರಿಸೀನಿ. ನನ್ನ ಕಾಲು ಗಟ್ಟಿಯಾಗಿ ಹಿಡಕೊಂಡು ಕುಂತಿದ್ರು. ಅಂಗಲಾಚಿದೋರು ಅವರು!”

“ಅವ್ವಾ, ಹೊತ್ತು ಮೀರ್ತದೆ. ಹಕ್ಕು ಹೋಗ್ತದೆ.”

“ಹೋಗ್ಲಿ. ನಾನು ಒತ್ತಂಗಿಲ್ಲ.”

ಕೊಟ್ರಯ್ಯ ಗುರುಗಳತ್ತ ತಿರುಗಿದ. “ಪದ ತಪ್ಪೇ, ಗುರುಗಳೇ?”

“ಅಲ್ಲ.”

“ಬಳಸಿದ ರೀತಿ?”

“ಅದೂ ಸರಿಯೇ.”

ಹಾಗೆಂದು ಗುರುಗಳು ಅವನ ಮುಂದೆ ಹೊಸ ಕಾಗದ ಇಟ್ಟರು. “ಹುಲಿಗೆವ್ವಾ, ನೀನೇ ಹೇಳು ತಾಯಿ.”

ಅವಳು ಸೆರಗು ಬಿಗಿದು ಎದ್ದು ನಿಂತಳು.

“ನಲವತ್ತು ವರ್ಷ ಈ ಹೊಳಿ ದಾಟಿಸೀನಿ. ಒಬ್ರೂ ಮುಳುಗಿಲ್ಲ. ಹಕ್ಕು ನನ್ನ ಹೆಸರಿಗೆ ಬರೀರಿ.”

ಕೊಟ್ರಯ್ಯ ಕಾಯ್ದ. “ಅಷ್ಟೇ,” ಎಂದಳು ಅವಳು. ಅಷ್ಟನ್ನೇ ಇಂಗ್ಲಿಷಿನಲ್ಲಿ ಬರೆದು ಕನ್ನಡದಲ್ಲಿ ಓದಿದ.

“ಹೂಂ. ಇದು ನಾನು,” ಎಂದು ಹುಲಿಗೆವ್ವ ಹೆಬ್ಬೆಟ್ಟು ಒತ್ತಿದಳು. ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆ ಎತ್ತಿ ಕಚೇರಿಯ ದಾರಿ ಹಿಡಿದಳು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಗುರುಗಳೇ, ಇಷ್ಟು ನೆಟ್ಟಗೆ ಕೇಳಿದರೆ ಸಾಹೇಬರು ಕೊಡದೇ ಹೋದಾರು.”

ಗುರುಗಳು ಮಸಿಕುಡಿಕೆಯ ಬಾಯಿ ಮುಚ್ಚಿದರು.

“ಕೊಡದಿದ್ದರೆ ಹುಲಿಗೆವ್ವನಿಗೆ ಕೊಡಲಿಲ್ಲ ಎಂದಾಯಿತು. ನಿನ್ನ ಮೊದಲ ಕಾಗದ ನೋಡಿ ಕೊಟ್ಟಿದ್ದರೆ, ಕೊಟ್ರಯ್ಯಾ, ಯಾರಿಗೆ ಕೊಟ್ಟಂತಾಗುತ್ತಿತ್ತು?”